ಬಿಚ್ಚದೆ ಹೋದ ದಿಂಬು

ನಮ್ಮತ್ತೆಯ ತಿಥಿ ಮುಗಿದ ಮರುದಿನ ಬೆಳಿಗ್ಗೆ ಬೀದಿಯಲ್ಲಿ ಕಸದ ಆಟೋದ ಹಾಡು ಕೇಳಿಸಿತು. "ಬಂತು ನೋಡು, ಆ ದಿಂಬು ಕೊಟ್ಬಿಡು" ಎಂದರು ನಮ್ಮೆಜಮಾನರು. ಹಿತ್ತಲಿನ ಮೂಲೆಯಲ್ಲಿ ಅತ್ತೆಯ ದಿಂಬು ಬಿದ್ದಿತ್ತು. ಎತ್ತಿಕೊಂಡು ಬಾಗಿಲವರೆಗೆ ಹೋದೆ. ಹಳೆಯ ಬೂರುಗದ ಹತ್ತಿ, ಹರಳೆಣ್ಣೆ, ಕಾಯಿಲೆಯವರ ಬೆವರು, ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಆಟೋ ತನ್ನ ಹಾಡು ಹಾಡಿಕೊಂಡು ಮುಂದಿನ ಬೀದಿಗೆ ಹೋಯಿತು. ನನಗೆ ಬೆಲ್ಟಿನ ಅಕ್ಕ ನೆನಪಾಗಿದ್ದಳು...

ಕೆಲವು ವರ್ಷಗಳ ಹಿಂದೆ ನಾನು ಚನ್ನರಾಯಪಟ್ಟಣದ ಕಡೆ, ಕಸ ಸುಟ್ಟು ಕರೆಂಟು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕೂತು ಕಸದ ಲಾರಿಗಳ ತೂಕ ಬರೆದುಕೊಳ್ಳುವುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಎಲ್ಲ ಕಡೆಯದೂ ಅಲ್ಲಿಗೇ ಬರುತ್ತಿತ್ತು. ಸಂತೆಯ ಕೊಳೆತ ಆಲೂಗೆಡ್ಡೆ, ಎಳನೀರಿನ ಬುರುಡೆ, ಛತ್ರದ ಎಂಜಲೆಲೆ, ಅಂಗಡಿಗಳ ಪ್ಲಾಸ್ಟಿಕ್ಕು, ಮಕ್ಕಳ ಡೈಪರು. ಜನ ಮೂಗು ಮುಚ್ಚಿಕೊಂಡು ಆಚೆಗೆಸೆದದ್ದನ್ನೆಲ್ಲ ಮೂಗು ಬಿಟ್ಟುಕೊಂಡು ಎದುರುಗೊಳ್ಳುವುದೇ ನಮ್ಮ ಉದ್ಯೋಗ.

ಲಾರಿಯ ಕಸ ಮೊದಲು ಓಡುವ ಬೆಲ್ಟಿಗೆ ಬೀಳುತ್ತಿತ್ತು. ಎರಡೂ ಕಡೆ ನಿಂತ ಹೆಂಗಸರು ಕಲ್ಲು, ಗಾಜು, ಕಬ್ಬಿಣ ಆರಿಸಿ ತೆಗೆಯುತ್ತಿದ್ದರು. ಉಳಿದದ್ದು ಬಾವಿಯಷ್ಟು ಆಳದ ಗುಂಡಿಗೆ ಹೋಗುತ್ತಿತ್ತು. ಅಲ್ಲಿಂದ ಕ್ರೇನು ಬಾಚಿ ಬಾಚಿ ಬೆಂಕಿಗೆ ಹಾಕುತ್ತಿತ್ತು. ಆ ಬೆಲ್ಟಿನ ಮೊದಲ ಜಾಗದಲ್ಲಿ ನಿಲ್ಲುತ್ತಿದ್ದವಳು ಅಕ್ಕ. ಬಾಗೂರು ಕಡೆಯವಳು. ದೊಡ್ಡ ಬಾಯಿ. ನನ್ನನ್ನು "ತೂಕದವ್ವ" ಎಂದು ರೇಗಿಸುತ್ತಿದ್ದಳು. "ಲಾರಿ ತೂಗಿದ್ದು ಸಾಕು, ಒಸಿ ನೀನೂ ಹತ್ತಿ ನೋಡವ್ವ, ದಿನಾ ಕೂತು ಕೂತು ಎಂಗಾಗಿದ್ದೀಯ" ಎಂದು ಎಲ್ಲರೆದುರೇ ನಗುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ನಮ್ಮ ಕಡೆ ಸತ್ತವರ ಹಾಸಿಗೆ ದಿಂಬನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮುಂಚೆ ಊರಾಚೆ ಬಿಸಾಡಿ ಬರುತ್ತಿದ್ದರು. ಈಗ ಊರಾಚೆ ಎಂಬುದೇ ಇಲ್ಲವಲ್ಲ, ಎಲ್ಲ ಸೈಟಾಗಿವೆ. ಹಾಗಾಗಿ ಸುತ್ತಿ ಕಟ್ಟಿ ಕಸದ ಗಾಡಿಗೆ ಕೊಡುತ್ತಾರೆ. ಸೂತಕದ ಭಯಕ್ಕೆ ಯಾರೂ ಬಿಚ್ಚಿ ನೋಡುವುದಿಲ್ಲ. ಬೆಲ್ಟಿನ ಮೇಲೆ ಅಂಥ ಗಂಟು ಬಂದರೆ ಉಳಿದ ಹೆಂಗಸರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅಕ್ಕ ಮಾತ್ರ ಎಳೆದು ಕೆಳಗೆ ಹಾಕಿ, ಸೊಂಟದಲ್ಲಿದ್ದ ಮುರುಕು ಕುಡುಗೋಲಿನಿಂದ ದಿಂಬಿನ ಹೊಲಿಗೆ ಸೀಳುತ್ತಿದ್ದಳು. ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದಳು. ಬೀಗದ ಕೈ ಸಿಗುತ್ತಿತ್ತು, ಅಡಕತ್ತರಿ ಸಿಗುತ್ತಿತ್ತು, ಒಮ್ಮೆ ಮಗುವಿನ ಬೆಳ್ಳಿ ಉಡಿದಾರ. ಸಿಕ್ಕಿದ್ದನ್ನು ಕಸ ತಂದ ಡ್ರೈವರಿನ ಕೈಯಲ್ಲೇ ಆ ಬೀದಿಗೆ ವಾಪಸು ಕಳಿಸುತ್ತಿದ್ದಳು. ಬಹಳ ಸಲ ಏನೂ ಇರುತ್ತಿರಲಿಲ್ಲ.

"ಇಷ್ಟೊಂದು ಯಾಕಕ್ಕ?" ಎಂದು ನಾನೊಮ್ಮೆ ಕೇಳಿದ್ದೆ.

"ಸಿಕ್ರೆ ಸಿಕ್ತು. ಇಲ್ದಿದ್ರೆ ಇಲ್ಲ ಅಂತನಾರಾ ಗೊತ್ತಾಯ್ತದಲ್ಲ. ಸತ್ತೋರು ಬಚ್ಚಿಟ್ಟಿದ್ಕೆ ಬದುಕಿರೋರು ಕಳ್ರಾಗ್ಬಾರ್ದು ಕಣವ್ವ."

ಆ ವರ್ಷ ಮಳೆ ಜಾಸ್ತಿ. ಒದ್ದೆ ಕಸಕ್ಕೆ ಬೆಂಕಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಆರಿಸುತ್ತ ಕೂತರೆ ಬಾಯ್ಲರು ತಣ್ಣಗಾಗುತ್ತದೆ ಎಂದು ಸೂಪರ್‌ವೈಸರು ಬೆಲ್ಟು ನಿಲ್ಲಿಸಿ, ಲಾರಿಗಳನ್ನು ನೇರವಾಗಿ ಗುಂಡಿಗೆ ಸುರಿಸತೊಡಗಿದ. ಹೆಂಗಸರಿಗೆ ಪೊರಕೆ ಕೊಟ್ಟು ನೆಲ ಗುಡಿಸಲು ಹಾಕಿದ.

ಅಂಥದ್ದೇ ಒಂದು ದಿನ ಹೊಳೆನರಸೀಪುರದಿಂದ ಒಬ್ಬ ಹುಡುಗಿ ಬಂದಳು. ಹೊಸದಾಗಿ ಮದುವೆಯಾಗಿದ್ದವಳು, ಕೈಯಲ್ಲಿ ಹಸಿರು ಬಳೆ. ಅವಳತ್ತೆ ತೀರಿಕೊಂಡಿದ್ದರು, ಅತ್ತೆಯ ಬೆಂಡೋಲೆ ಕಾಣುತ್ತಿರಲಿಲ್ಲ. ಕೊನೆಗಾಲದಲ್ಲಿ ನೋಡಿಕೊಂಡವಳು ಇವಳೇ, ಹಾಗಾಗಿ ಕದ್ದವಳೂ ಇವಳೇ ಎಂದು ಮನೆಯವರು ತೀರ್ಮಾನಿಸಿದ್ದರು. "ದಿಂಬಲ್ಲಿ ಇಟ್ಕೊಂಡಿದ್ರು ಅನ್ಸುತ್ತೆ ಅಕ್ಕ. ನಿನ್ನೆ ಗಾಡೀಗ್ ಹಾಕ್ಬುಟ್ರು. ಬರಿಗೈಲಿ ಬಂದ್ರೆ ಒಳೀಕ್ ಸೇರ್ಸಲ್ಲ ಅಂದವ್ರೆ" ಎಂದು ನನ್ನ ಕಿಟಕಿಯ ಸರಳು ಹಿಡಿದುಕೊಂಡು ಅತ್ತಳು.

ಅಕ್ಕ ಪೊರಕೆ ಬಿಸಾಡಿ ಗುಂಡಿಯ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ನಿನ್ನೆಯ ಕಸದ ಮೇಲೇ, ಗೋಡೆಯ ಬದಿಗೆ, ದಿಂಬನ್ನು ಒಳಗಿಟ್ಟು ಸುತ್ತಿ ಹಗ್ಗ ಕಟ್ಟಿದ ಹಾಸಿಗೆಯ ಸುರುಳಿಯೊಂದು ಕಾಣುತ್ತಿತ್ತು. ಕ್ರೇನಿನಿಂದ ಎತ್ತಿ ಆಚೆಗೆ ಹಾಕಿಸಿ ಎಂದು ಅಕ್ಕ ಕೇಳಿದಳು. ಸೂಪರ್‌ವೈಸರು ಕಿವಿಗೇ ಹಾಕಿಕೊಳ್ಳಲಿಲ್ಲ.

"ಸಾ, ಒಂದ್ ಗಳಿಗೆ ಸಾ. ಒಂದು ಎಣ್ಮಗಳ ಬಾಳು."

"ಬೆಂಕಿ ಆರಿದ್ರೆ ನೀನು ಬಂದು ಊದ್ತೀಯೇನು? ಹೋಗಿ ಗುಡಿಸು."

ಕ್ರೇನಿನವನು ಮೇಲಿಂದ ನೋಡಿ ತನ್ನಷ್ಟಕ್ಕೆ ತಾನೇ ಕ್ರೇನು ನಿಲ್ಲಿಸಿದ. ಸೂಪರ್‌ವೈಸರು ಅವನನ್ನು ಬಯ್ಯಲು ಮೆಟ್ಟಿಲು ಹತ್ತಿದ. ಅಷ್ಟರಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿ, ಗೋಡೆಗೆ ಹೂತಿದ್ದ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದೇಬಿಟ್ಟಳು. "ಬ್ಯಾಡ ಅಕ್ಕ" ಎಂದು ನಾನು ಕೂಗಿದೆ. "ಮೇಲೇ ಐತೆ ಬುಡು, ಬಂದೆ" ಎಂದಳು.

ಮಳೆಗಾಲದಲ್ಲಿ ಆ ಗುಂಡಿಯಲ್ಲಿ ಕೆಟ್ಟ ಗ್ಯಾಸು ತುಂಬಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಸುರುಳಿಯ ಹಗ್ಗಕ್ಕೆ ಕೈ ಹಾಕಿದ್ದು ನೋಡಿದೆ. ಆಮೇಲೆ ಸುಸ್ತಾದವರ ಹಾಗೆ ಅಲ್ಲೇ ಕೂತಳು. ಕೂತವಳು ಏಳಲಿಲ್ಲ... ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಹಗ್ಗ ಬಿಗಿದುಕೊಂಡು ಒಬ್ಬ ಇಳಿದು ಎತ್ತಿ ತಂದ. ಹಾಸನದ ಆಸ್ಪತ್ರೆಯ ದಾರಿಯಲ್ಲೇ ಅವಳ ಜೀವ ಹೋಯಿತು.

ಹೇಳದೆ ಕೇಳದೆ ಅವಳೇ ಇಳಿದಳು ಎಂದು ಕಾರ್ಖಾನೆಯವರು ಕೈ ತೊಳೆದುಕೊಂಡರು. ಅವಳನ್ನು ಕರೆದೊಯ್ದ ಗಾಡಿ ಗೇಟು ದಾಟುತ್ತಿದ್ದಂತೆ ಕ್ರೇನು ಮತ್ತೆ ಓಡಿತು, ಹಾಸಿಗೆ ದಿಂಬೆಲ್ಲ ಬೆಂಕಿಗೆ ಹೋಯಿತು. ಹುಡುಗಿ ಕತ್ತಲಾಗುವ ತನಕ ಗೇಟಿನಲ್ಲೇ ನಿಂತಿದ್ದಳು. ಕೊನೆಗೆ ಹೊಳೆನರಸೀಪುರದ ಕಡೆಗೆ ಬಸ್ಸು ಹತ್ತಿಸಿದೆ. ಅವಳನ್ನು ಒಳಗೆ ಸೇರಿಸಿದರೋ ಇಲ್ಲವೋ, ಗೊತ್ತಿಲ್ಲ. ನಾನು ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

ಇವತ್ತು ಅತ್ತೆಯ ದಿಂಬನ್ನು ಒಗೆಯುವ ಕಲ್ಲಿನ ಮೇಲಿಟ್ಟು ಹೊಲಿಗೆ ಬಿಚ್ಚಿದೆ. ನಮ್ಮೆಜಮಾನರು ಮುಖ ಸಿಂಡರಿಸಿಕೊಂಡು ಒಳಗೆ ಹೋದರು. ಹತ್ತಿ ಹಿತ್ತಲ ತುಂಬ ಹಾರಿತು. ಅಕ್ಕನ ಹಾಗೆಯೇ ಮೊಣಕೈವರೆಗೆ ಕೈ ಹಾಕಿ ಮೂಲೆ ಮೂಲೆಯನ್ನೂ ತಡಕಿದೆ. ಏನೂ ಇರಲಿಲ್ಲ.

ಏನೂ ಇಲ್ಲ ಎಂದು ನನಗೆ ಗೊತ್ತಾಯಿತು. ಆ ಹುಡುಗಿಗೆ ಅಷ್ಟೂ ಗೊತ್ತಾಗಲಿಲ್ಲ. ಹತ್ತಿಯ ನಡುವೆ ಕೂತು ಬಹಳ ಹೊತ್ತು ಅತ್ತುಬಿಟ್ಟೆ. ನಮ್ಮತ್ತೆಗಾಗಿ ಎಂದುಕೊಂಡು ಮನೆಯವರು ನನ್ನನ್ನು ಸಮಾಧಾನ ಮಾಡಿದರು.