ಬಲಗಾಲಿನ ಪರೀಕ್ಷೆ

ಅಂಕಲಿಯ ಭೀಮಸಿ ಹವಾಲ್ದಾರನಾಗಿ ನಿವೃತ್ತನಾಗುವ ಹೊತ್ತಿಗೆ ಅವನ ಬೆನ್ನುಮೂಳೆಯ ಡಿಸ್ಕ್ ಸರಿದು ಕಾಲಿನ ನರವನ್ನು ಒತ್ತುತ್ತಿತ್ತು. ಹಿಮದ ಗಡಿಚೌಕಿಗಳಿಗೆ ಸೀಮೆಎಣ್ಣೆ ಡಬ್ಬಿ ಹೊತ್ತು ಹತ್ತಿದ ಬೆನ್ನು ಅದು. ಸೇನೆಯ ವೈದ್ಯರು ಅಂಗವೈಕಲ್ಯ ಶೇಕಡಾ ಹದಿನೈದು ಎಂದು ಬರೆದರು. ಇಪ್ಪತ್ತಾಗಿದ್ದರೆ ಅದಕ್ಕೆ ಬೇರೆ ಪಿಂಚಣಿ ಸಿಗುತ್ತಿತ್ತು.

ಅವನು ಸುಮ್ಮನಿದ್ದ. ಹೆಂಡತಿ ತಾರವ್ವ ಬಿಡಲಿಲ್ಲ. ಚಿಕ್ಕೋಡಿಯಲ್ಲಿ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವ ದಶರಥನ ಬಳಿಗೆ ಗಂಡನನ್ನು ಕರೆದೊಯ್ದಳು.

"ಇಷ್ಟ ನೆಟ್ಟಗ ನಡಕೋತ ಬಂದಾರಲ್ರೀ ವೈನಿ, ಹದಿನೈದ ಕೊಟ್ಟದ್ದ ಹೆಚ್ಚಾತು" ಎಂದು ದಶರಥ ನಕ್ಕ.

"ಬಲಗಾಲಾಗಿನ ಚಪ್ಪಲಿ ಕಳಚಿದ್ದ ಇವ್ರಿಗೆ ಗೊತ್ತಾಗೂದಿಲ್ರಿ. ಹೊಲದಾಗ ಬಿಟ್ಟ ಬಂದು, ಯಾರೋ ಕದ್ದಾರ ಅಂತಾರ."

ದಶರಥ ಅರ್ಜಿ ಬರೆದುಕೊಟ್ಟ. ಕೊನೆಗೆ ಮರುಪರೀಕ್ಷೆಗೆ ಕರೆ ಬಂತು. ಕುಡಚಿಯಲ್ಲಿ ರೈಲು ಹತ್ತಿದ ಮೇಲೆ, ಡಾಕ್ಟರ್ ಸಾಹೇಬರ ಮುಂದೆ ಎಲ್ಲದಕ್ಕೂ ಹೂಂಗುಟ್ಟಬೇಡಿ ಎಂದು ತಾರವ್ವ ಬುದ್ಧಿ ಹೇಳಿದಳು. ಭೀಮಸಿಗೆ ಸಿಟ್ಟು ಬಂತು. ಮೊದಲ ಪರೀಕ್ಷೆಯಲ್ಲಿ ಕಾಲಿಗೆ ಸೂಜಿ ಚುಚ್ಚಿದ್ದು ತನಗೆ ನಿಜವಾಗಿಯೂ ಗೊತ್ತಾಗಿತ್ತು, ತಾನು ಸುಳ್ಳು ಹೇಳಿರಲಿಲ್ಲ ಎಂದ.

ಮಿಲಿಟರಿ ಆಸ್ಪತ್ರೆಯಲ್ಲಿ ಬಾಗಲಾರದ ಭೀಮಸಿಯ ಬೂಟಿನ ಲಾಡಿ ಬಿಚ್ಚಲು ತಾರವ್ವನನ್ನೂ ಒಳಗೆ ಬಿಟ್ಟರು. ಡಾಕ್ಟರು ಎಳೆಯ ವಯಸ್ಸಿನವರು. ಬಲಗಾಲಿಗೆ ಸೂಜಿ ಮುಟ್ಟಿಸಿ, ತಿಳಿಯಿತೇ ಎಂದು ಹಿಂದಿಯಲ್ಲಿ ಕೇಳಿದರು. ಮಲಗಿದ್ದ ಭೀಮಸಿ ತಲೆಯೆತ್ತಿ ಸೂಜಿಯನ್ನೇ ನೋಡುತ್ತ, "ಹಾಂ ಸಾಬ್" ಎಂದ. ತಾರವ್ವನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಡಾಕ್ಟರು ಅವನ ಕಣ್ಣಿನ ಮೇಲೆ ಟವೆಲ್ ಹಾಕಿ, ಚುಚ್ಚಿದಾಗಲೆಲ್ಲ ಹೇಳು ಎಂದರು. ಎಡಗಾಲಿಗೆ ಚುಚ್ಚಿದಷ್ಟು ಸಲವೂ ಹಾಂ ಎಂದ. ಬಲಗಾಲಿಗೆ ಬಂದರು. ಹಿಮ್ಮಡಿ, ಪಾದದ ಬದಿ, ಕಿರುಬೆರಳು, ಮೀನಖಂಡ. ಭೀಮಸಿ ಮಾತಾಡಲಿಲ್ಲ. ಡಾಕ್ಟರು ಒತ್ತಿ ಚುಚ್ಚಿದರು. ರಕ್ತ ಜಿನುಗಿತು. ತಾರವ್ವ ಬಾಯಿ ತೆರೆದಳು; ಡಾಕ್ಟರು ಕೈಯೆತ್ತಿ ತಡೆದರು.

ಟವೆಲಿನ ಕೆಳಗಿನಿಂದ ಭೀಮಸಿ ವಿನಯವಾಗಿ ಕೇಳಿದ: ಸಾಬ್, ಬಲಗಾಲು ಯಾವಾಗ ನೋಡುತ್ತೀರಿ?

ಡಾಕ್ಟರು ಟವೆಲ್ ತೆಗೆದರು. ಅವನು ಎದ್ದು ಕೂತು ತನ್ನ ಬಲಗಾಲಿನ ಮೇಲಿನ ಏಳು ಕೆಂಪು ಚುಕ್ಕೆಗಳನ್ನು ನೋಡಿದ. ಹಳೆಯ ಹದಿನೈದನ್ನು ಹೊಡೆದು ಹಾಕಿ ನಲವತ್ತು ಬರೆಯುತ್ತೇನೆ ಎಂದರು ಡಾಕ್ಟರು. ಆ ಅಂಕಿಗಾಗಿ ಎರಡು ವರ್ಷ ಅಲೆದ ತಾರವ್ವ ಅದನ್ನು ಕೇಳಿಯೂ ಕೇಳದಂತೆ ನಿಂತಿದ್ದಳು.

ಡಾಕ್ಟರು ಹೊರಗೆ ಹೋದ ಮೇಲೆ ಭೀಮಸಿ ಕಣ್ಣು ಮುಚ್ಚಿಕೊಂಡ. "ನೀ ಚೂಟಿ ನೋಡು. ಸೂಜಿ ಸಣ್ಣದಿತ್ತು."

ತಾರವ್ವ ಬಾಗಿ ಅವನ ಪಾದದ ಬದಿಯನ್ನು ಎರಡು ಉಗುರುಗಳ ನಡುವೆ ಹಿಡಿದು, ಇದ್ದ ಬಲವೆಲ್ಲ ಹಾಕಿ ಚೂಟಿದಳು.

"ಚೂಟ ಮತ್ತ, ಯಾಕ ತಡಾ?" ಎಂದ ಭೀಮಸಿ. ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ.