ಅಜ್ಜಿ ಹಡಗಿನ ನಾಲ್ಕನೇ ಪೈಪು

ಬೆಳಗಿನ ಐದೂಕಾಲು. ಸ್ಯಾನ್ ಡಿಯಾಗೋ ಕಟ್ಟೆಯಲ್ಲಿ ನಿಂತ ಯುದ್ಧನೌಕೆಯ ತಳದಲ್ಲಿ, ನೆಟ್ಟಗೆ ಕೂರಲೂ ಜಾಗವಿಲ್ಲದ ಕಬ್ಬಿಣದ ಕೋಣೆಯೊಳಗೆ, ಮೆಲ್ಚೋರ್ ದುಮ್ಲಾವ್ ತಲೆಗೆ ದೀಪ ಕಟ್ಟಿಕೊಂಡು ಗೋಡೆ ನೋಡುತ್ತಿದ್ದಾರೆ. ಮೂರು ವಾರ ತೆವಳಿ ಹಳದಿ ಸೀಮೆಸುಣ್ಣದಲ್ಲಿ ಅವರು ಗುರುತು ಹಾಕಿದ ನೂರಾ ಹನ್ನೆರಡು ಪೈಪುಗಳೂ ಇದ್ದಲ್ಲೇ ಇವೆ. ಗುರುತುಗಳಿಲ್ಲ. ನಿನ್ನೆ ಸಂಜೆ ನಾವಿಕರು ಎಲ್ಲದಕ್ಕೂ ಬೂದು ಬಣ್ಣ ಬಳಿದು ಹೋಗಿದ್ದಾರೆ.

"ಯೇಸಪ್ಪಾ, ಮತ್ತೆ ಬಳಿದ್ರಾ!" ಎನ್ನುತ್ತಾರೆ ಮೆಲ್ಚೋರ್. ಬೆರಳಿಟ್ಟು ನೋಡುತ್ತಾರೆ. ಬಣ್ಣ ಇನ್ನೂ ಅಂಟುತ್ತದೆ.

ಬಳಿದದ್ದಕ್ಕೆ ಕಾರಣವಿದೆ. ಇವತ್ತು ಹತ್ತಕ್ಕೆ ಅಡ್ಮಿರಲ್ ಬರುತ್ತಾರೆ. ಎಂಟಕ್ಕೆ ಈ ಕೋಣೆಯಲ್ಲಿ ಒಂದು ಪೈಪು ಕತ್ತರಿಸಬೇಕು. ಗೋಡೆ ದಾಟುವ ಒಂಬತ್ತು ಪೈಪುಗಳಲ್ಲಿ ಒಂದರಲ್ಲಿ ವಿಮಾನದ ಇಂಧನ ತುಂಬಿದೆ. ಯಾವುದೆಂದು ಸೀಮೆಸುಣ್ಣಕ್ಕೆ ಗೊತ್ತಿತ್ತು.

ಸೈನಿಕರನ್ನೂ ದೋಣಿಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹೋಗಿ ದಡಕ್ಕಿಳಿಸುವ ಈ ಹಡಗಿಗೆ ಮೂವತ್ತನಾಲ್ಕು ವರ್ಷ. ಇಷ್ಟು ಹೊತ್ತಿಗೆ ನಿವೃತ್ತಿಯಾಗಬೇಕಿತ್ತು. ಹೊಸ ಹಡಗು ಸಿದ್ಧವಾಗಿಲ್ಲ, ಇನ್ನೂ ಹತ್ತು ವರ್ಷ ಓಡಲಿ ಎಂದು ಅಪ್ಪಣೆಯಾಯಿತು. ಹೊಸ ರಾಡಾರು, ಹೊಸ ಯಂತ್ರ, ಅವಕ್ಕೆ ಹೊಸ ಕೇಬಲ್ಲು. ಕೇಬಲ್ಲಿಗೆ ದಾರಿ ಬೇಕೆಂದರೆ ಹಳೆಯದನ್ನು ಕತ್ತರಿಸಬೇಕು. ಫಿಲಿಪಿನೋ ಕೆಲಸಗಾರರು ಈ ಹಡಗನ್ನು ಲೋಲಾ ಎನ್ನುತ್ತಾರೆ, ಅಂದರೆ ಅಜ್ಜಿ. ಅಜ್ಜಿಯ ನಕ್ಷೆ ಒಂದು ಹೇಳುತ್ತದೆ, ಅಜ್ಜಿಯ ಹೊಟ್ಟೆ ಇನ್ನೊಂದು. ಯಾವ ಪೈಪು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಮುಟ್ಟಿ ನೋಡಿ ಬರೆಯುವುದೇ ಮೆಲ್ಚೋರ್ ಅವರ ಇಪ್ಪತ್ತೆರಡು ವರ್ಷದ ಉದ್ಯೋಗ. ದಿನಕ್ಕೆ ಮುನ್ನೂರು ಏಣಿ ಮೆಟ್ಟಿಲು. ವಯಸ್ಸು ಐವತ್ತೆಂಟು; ಮಂಡಿಗಳಿಗೆ ಎಪ್ಪತ್ತಾಗಿದೆಯೆಂದು ಅವರ ಅಂದಾಜು.

ಬಣ್ಣದ ಬಗ್ಗೆ ಅವರು ಹೇಳುವುದನ್ನು ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಒಮ್ಮೆ ಬಾಗಿಲೊಂದರ ಬಣ್ಣ ಕೆರೆದಾಗ ಒಳಗೆ ಇನ್ನೊಂದು ಬಾಗಿಲು ಸಿಕ್ಕಿತಂತೆ. ಅದರ ಹಿಂದೆ ಮೊಳೆಗೆ ನೇತುಹಾಕಿದ ಕಾಫಿ ಲೋಟ. ಅದಕ್ಕೂ ಬೂದು ಬಣ್ಣ. "ಒಳಗಿದ್ದ ಕಾಫಿಗೂ," ಎನ್ನುತ್ತಾರೆ ನಗದೆ.

ಟಾರ್ಚಿನಿಂದ ಉಕ್ಕು ಕತ್ತರಿಸುವ ವೆಂಡೆಲ್ ಪ್ರೂಯಿಟ್ ತೆವಳಿಕೊಂಡು ಒಳಗೆ ಬರುತ್ತಾರೆ. ಅವರ ಕೈಯಲ್ಲಿ ಕಚೇರಿಯ ನಕ್ಷೆ.

"ಕೂಯಾ, ನಾಲ್ಕನೇದು ಕತ್ತರಿಸು ಅಂತ ಬರೆದಿದಾರೆ. ಹಳೇ ಸಮುದ್ರನೀರಿನ ಪೈಪಂತೆ, ಖಾಲಿಯಂತೆ." ಕೂಯಾ ಎಂದರೆ ಅಣ್ಣ. ವೆಂಡೆಲ್ ಫಿಲಿಪಿನೋ ಅಲ್ಲ, ಆದರೂ ಹಡಗು ರಿಪೇರಿಯ ಈ ಯಾರ್ಡಿನಲ್ಲಿ ಎಲ್ಲರಿಗೂ ಮೆಲ್ಚೋರ್ ಅಣ್ಣನೇ.

"ಇಂಧನದ್ದು ನಾಲ್ಕನೇದೋ ಐದನೇದೋ, ನನ್ನ ಪುಸ್ತಕದಲ್ಲಿ ಬರ್ದಿದ್ದೆ."

"ಪುಸ್ತಕ ಎಲ್ಲಿ?"

"ಒಂಬತ್ತು ದಿನದ ಹಿಂದೆ ಕಚೇರಿಗೆ ಕೊಟ್ಟೆ. ನಕ್ಷೆ ತಿದ್ದೋಕೆ ಹತ್ತು ದಿನ ಬೇಕಂತೆ. ಕತ್ತರಿಸೋಕೆ ಮಾತ್ರ ಒಂಬತ್ತೇ ಸಾಕು."

"ನಾಲ್ಕೋ ಐದೋ ಅಂತ ಟಾರ್ಚಿಗೆ ಹೇಳೋಕಾಗುತ್ತಾ ಅಣ್ಣಾ? ನಂಗೆ ಮೊಮ್ಮಕ್ಕಳಿದಾರೆ."

ಮೆಲ್ಚೋರ್ ಹಿತ್ತಾಳೆ ಸುತ್ತಿಗೆ ಹಿಡಿದು ಎರಡು ಅಂತಸ್ತು ಮೇಲಿರುವ ಇಂಧನದ ವಾಲ್ವಿಗೆ ಹತ್ತುತ್ತಾರೆ. ಅಲ್ಲಿಂದ ಮೂರು ಪೆಟ್ಟು, ನಿಲುಗಡೆ, ಮತ್ತೆ ಮೂರು. ಕೆಳಗೆ ವೆಂಡೆಲ್ ಒಂದೊಂದೇ ಪೈಪಿಗೆ ಅಂಗೈ ಒತ್ತುತ್ತಾರೆ. ಉಕ್ಕಿನ ಹಡಗಿನಲ್ಲಿ ಒಂದು ಕಡೆ ಬಡಿದರೆ ಎಲ್ಲವೂ ಹೂಂಗುಟ್ಟುತ್ತವೆ. ಕಿವಿಯನ್ನು ನಂಬುವಂತಿಲ್ಲ, ಅಂಗೈಯನ್ನೇ ನಂಬಬೇಕು: ಎಲ್ಲಕ್ಕಿಂತ ಜೋರಾಗಿ ಅದುರುವುದೇ ಇಂಧನದ ಪೈಪು. ಮೆಲ್ಚೋರ್ ಇಳಿದು ಬರುವಷ್ಟರಲ್ಲಿ ವೆಂಡೆಲ್ ಮುಖ ಬಣ್ಣ ಬಳಿಯದೆಯೇ ಬೂದಾಗಿದೆ.

"ನಾಲ್ಕನೇದೇ."

ಮೆಲ್ಚೋರ್ ಆ ಪೈಪಿನ ಬಣ್ಣ ಕೆರೆಯಲು ಶುರುಮಾಡುತ್ತಾರೆ. ಆಗಲೇ ಬಾಗಿಲ ಕಂಡಿಯಲ್ಲಿ ಒಂದು ತಲೆ ಕಾಣಿಸುತ್ತದೆ. ನಾವಿಕರ ಮೇಲ್ವಿಚಾರಕರು, ಬಣ್ಣ ಬಳಿಸಿದ ಚೀಫ್ ಹ್ಯಾಲರನ್.

"ಏನ್ರೀ ಇದು! ಅಡ್ಮಿರಲ್ ಬರೋ ಹೊತ್ತಲ್ಲಿ ಕೆರೀತಿದೀರಾ?"

"ಅಡ್ಮಿರಲ್ಲು ಈ ಬಿಲದೊಳಗೆ ತೆವಳ್ಕೊಂಡು ಬರ್ತಾರಾ ಚೀಫ್?"

"ಬಂದ್ರೆ?"

"ಬಂದ್ರೆ ವಾಪಸ್ ಎಳೆಯೋಕೂ ನನ್ನೇ ಕರೀತೀರಿ."

ಏಳು ಪದರ ಕೆರೆದ ಮೇಲೆ ಹಡಗು ಕಟ್ಟಿದವರ ಮೂಲ ಬರಹ ಕಾಣುತ್ತದೆ: ವಿಮಾನ ಇಂಧನ. ಚೀಫ್ ಕತ್ತು ಚಾಚಿ ಓದುತ್ತಾರೆ. ಬರಹವನ್ನು ಮೊದಲು ಮುಚ್ಚಿದ ಪದರವನ್ನು ಮೆಲ್ಚೋರ್ ಉಗುರಿನಿಂದ ಎತ್ತಿ ದೀಪಕ್ಕೆ ಹಿಡಿಯುತ್ತಾರೆ.

"ಇದು ನಂದೇ," ಎನ್ನುತ್ತಾರೆ. ಫಿಲಿಪೀನ್ಸಿನ ಇಲೊಕೋಸಿನಿಂದ ಬಂದು ನೌಕಾಪಡೆ ಸೇರಿದಾಗ ಅವರಿಗೆ ಇಪ್ಪತ್ನಾಲ್ಕು. ಮೊದಲ ಹಡಗು ಇದೇ, ಮೊದಲ ಕೆಲಸ ಈ ಕೋಣೆ. "ಆವಾಗ್ಲೂ ಒಬ್ಬ ಅಡ್ಮಿರಲ್ ಬರೋನಿದ್ದ. ಎಲ್ಲಾ ಬಳಿ ಅಂದ್ರು, ಬಳ್ದೆ. ಎಷ್ಟು ನೀಟಾಗಿ ಬಳ್ದಿದೀನಿ ನೋಡಿ, ಒಂದಕ್ಷರ ಕಾಣಲ್ಲ. ಅವನೂ ಒಳಗೆ ಬರ್ಲಿಲ್ಲ."

ಎಂಟಕ್ಕೆ ಟಾರ್ಚು ಹೊತ್ತುವುದಿಲ್ಲ. ಪೈಪು ಖಾಲಿ ಮಾಡಿ, ಗಾಳಿ ಪರೀಕ್ಷಿಸಿ, ಆಮೇಲೆ ಕೆಲಸ. ಕಚೇರಿಯ ವರದಿಯಲ್ಲಿ ಇವತ್ತಿನ ಬಗ್ಗೆ ಒಂದೇ ಸಾಲಿದೆ: ಎರಡು ದಿನ ವಿಳಂಬ, ಕಾರಣ ದುಮ್ಲಾವ್. ಪೈಪಿಗೆ ತೂಗುಹಾಕಲು ಹೆಸರು ಫಲಕ ಕೇಳಿದ್ದಕ್ಕೆ, ನಕ್ಷೆ ತಿದ್ದಿದ ಮೇಲೆ ಕೊಡುತ್ತೇವೆ ಎಂದಿದ್ದಾರೆ.

ಊಟದ ಹೊತ್ತಿನಲ್ಲಿ ಬೆಳ್ಳುಳ್ಳಿ ಅನ್ನದ ಡಬ್ಬಿ ಪಕ್ಕಕ್ಕಿಟ್ಟು, ಗುಜರಿ ಹಿತ್ತಾಳೆಯ ಬಿಲ್ಲೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಚೋರ್ ಅಕ್ಷರಗಳನ್ನು ಕುಟ್ಟುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ, "ಇಡೀ ಹಡಗು ಬೇಡ. ಈ ಒಂದು ಕೋಣೆ ನಕ್ಷೇಲಿ ಇದ್ದಹಾಗೇ ಬರ್ಲಿ, ಸಾಕು," ಎನ್ನುತ್ತಾರೆ.

ಬಿಲ್ಲೆಯನ್ನು ತಂತಿಯಿಂದ ನಾಲ್ಕನೇ ಪೈಪಿಗೆ ಬಿಗಿಯುವಾಗ ಚೀಫ್ ಹ್ಯಾಲರನ್ ಮತ್ತೆ ಬರುತ್ತಾರೆ. ಹಿಂಜರಿಯುತ್ತಲೇ ಕೇಳುತ್ತಾರೆ, ಕೆರೆದ ಜಾಗಕ್ಕೆ ಬಣ್ಣ ಹಚ್ಚಬಹುದೇ ಎಂದು.

"ಬಳೀರಿ ಚೀಫ್, ಎಷ್ಟು ಬೇಕೋ ಬಳೀರಿ," ಎನ್ನುತ್ತಾರೆ ಮೆಲ್ಚೋರ್. "ಆಳವಾಗಿ ಕುಟ್ಟಿದೀನಿ. ಕಣ್ಣಿಗೆ ಕಾಣದಿದ್ರೂ ಬೆರಳಿಗೆ ಸಿಗುತ್ತೆ."