ನನಗಿಂತ ಮೊದಲೇ ಹೊರಟ ಚೀಲ

ಗೆಳೆಯರೇ, ಅವ್ವನ ಲೆಕ್ಕದಲ್ಲಿ ನಾನೀಗ ವಿಜಯಪುರದಲ್ಲಿಲ್ಲ. ನಿಜದಲ್ಲಿ ಇದೇ ಊರಿನ ಜಲನಗರದ ನಮ್ಮ ಮನೆಯಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದೇನೆ.

ನಾಳೆ ಅಮಾವಾಸ್ಯೆ, ಹೊರಡಬಾರದು. ಹಾಗಾಗಿ ಅವ್ವ ಇಂದೇ ನನ್ನ ಚೀಲವನ್ನು ಪಕ್ಕದ ಮನೆಯಲ್ಲಿಟ್ಟಳು. ಚೀಲ ಹೊಸ್ತಿಲು ದಾಟಿದರೆ ನಾನೂ ಹೊರಟಂತೆ.

"ಇಲ್ಲಾಂದ್ರ ಇನ್ನೊಂದ ತಿಂಗಳ ಇದ್ದ ಹೋಗವಾ."

ಲಂಡನ್ನಿನಲ್ಲಿ ನರ್ಸ್ ಕೆಲಸದ ವೀಸಾದ ಮೇಲೆ ಹತ್ತು ವರ್ಷ ತುಂಬುತ್ತ ಬಂದಿದೆ, ಹೆಚ್ಚು ದಿನ ಹೊರಗುಳಿದರೆ ಕಾಯಂ ವಾಸದ ಪರವಾನಗಿ ಕೈತಪ್ಪುತ್ತದೆ ಎಂದೆ.

"ನಿನ್ನ ದೊಡ್ಡ ಚೀಲ ಅಲ್ಲೇ ಲಂಡನ್ನಿನಾಗ ಐತಿಲ್ಲೋ?"

"ಐತಿ."

"ಮತ್ತ ನೀ ಅಲ್ಲೇ ಅದಿ ಅಂತ ಹೇಳು. ಅಷ್ಟೂ ತಿಳಿಯಂಗಿಲ್ಲೇನ ಅವರಿಗೆ?"

ನಾಳೆ ರಾತ್ರಿ ವಿಮಾನ, ಬೆಳಿಗ್ಗೆಯೇ ಇಲ್ಲಿಂದ ಹೊರಡಬೇಕು. ಪಾಸ್‌ಪೋರ್ಟ್ ಆ ಚೀಲದಲ್ಲಿದೆ. ಪಕ್ಕದ ಮನೆಯವರು ಬೀಗ ಹಾಕಿಕೊಂಡು ತೊರವಿಯ ಗುಡಿಗೆ ಅಮಾವಾಸ್ಯೆ ಪೂಜೆಗೆಂದು ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ.

ನಾನು ಹೊರಟಾಗಿದೆ. ಹೋಗಲು ಮಾತ್ರ ಆಗುತ್ತಿಲ್ಲ.